ಗುದ್ದಲಿ ಪೂಜೆ ಮಾಡಿ, ಜೆಸಿಬಿ ಆಮೇಲೆ

"ನಮ್ಮದೇ ಸೈಟು, ನಮ್ಮದೇ ದುಡ್ಡು. ಬೆಂಗಳೂರಿನಲ್ಲಿ 30x50 ಅಡಿ ಸೈಟಿನಲ್ಲಿ ಮನೆ ಕಟ್ಟೋಕೆ ಪ್ಲಾನ್ ಸ್ಯಾಂಕ್ಷನ್ ಬೇಕೇ ಬೇಕಾ? ಪಾಯ ಎತ್ತಿಬಿಡೋಣ, ಪೇಪರ್ ಆಮೇಲೆ ನೋಡ್ಕೊಳ್ಳೋಣ ಅಂತಾರೆ ನಮ್ಮ ಮೇಸ್ತ್ರಿ. ಶ್ರಾವಣದಲ್ಲಿ ಗುದ್ದಲಿ ಪೂಜೆ ಇಟ್ಟುಕೊಂಡಿದ್ದೇವೆ" ಎಂದು ಓದುಗರೊಬ್ಬರು ಬರೆದಿದ್ದಾರೆ.

ಬೇಕೇ ಬೇಕು ಸ್ವಾಮಿ. ಹಾಗಂತ ನಿಮ್ಮ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ, ಹಳೇ ಲೆಕ್ಕ ಹೇಳುತ್ತಿದ್ದಾರೆ. ಮೊದಲೆಲ್ಲ ಹಾಗೇ ನಡೆಯುತ್ತಿತ್ತು. ಮನೆ ಎದ್ದು ನಿಂತರೆ ಕರೆಂಟು ಬರುತ್ತೆ, ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಕಾನೂನುಬದ್ಧ ಮಾಡುವ ಸರ್ಕಾರದ ಅಕ್ರಮ-ಸಕ್ರಮ ಇವತ್ತಲ್ಲ ನಾಳೆ ಆಗುತ್ತೆ ಅನ್ನುವ ಧೈರ್ಯ. ಆ ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು. ಕರೆಂಟಿನ ಬಾಗಿಲನ್ನೂ ಅದೇ ಕೋರ್ಟ್ ಮುಚ್ಚಿದ್ದು 2024ರ ಡಿಸೆಂಬರ್‌ನಲ್ಲಿ. ಕೇಸು ಇದ್ದದ್ದು ದೂರದ ಮೀರತ್‌ನದು. ಮನೆಗೆ ಅಂತ ಕೊಟ್ಟ ಜಾಗದಲ್ಲಿ ಅಂಗಡಿ ಕಟ್ಟಿಕೊಂಡಿದ್ದರು. ತೀರ್ಪು ಮಾತ್ರ ಇಡೀ ದೇಶಕ್ಕೆ ತಗುಲಿತು: ಮಂಜೂರಾದ ನಕ್ಷೆಯಂತೆ ಕಟ್ಟಿದ್ದೀರಿ ಅನ್ನುವ ಪತ್ರ ತೋರಿಸದೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಇಲ್ಲ. ಬ್ಯಾಂಕಿನವರೂ ಅದನ್ನು ನೋಡಿಯೇ ಸಾಲ ಕೊಡಬೇಕು. ಆ ಪತ್ರವೇ ಜನ ಹೇಳುವ ಓಸಿ.

ಈ ಗಲಾಟೆಯಲ್ಲಿ ಮನೆ ಮುಗಿದರೂ ತಾತ್ಕಾಲಿಕ ಮೀಟರಿನಲ್ಲೇ ದಿನ ತಳ್ಳಿದವರು ಎಷ್ಟೋ ಜನ. ಆಮೇಲೆ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ ಓಸಿಯಿಂದ ವಿನಾಯಿತಿ ಕೊಟ್ಟಿತು. ನಿಮ್ಮದು 1500. ಪಕ್ಕದ ಬೀದಿಯ 30x40ರವರ ಮಾತು ಕೇಳಿ ಮೋಸಹೋಗಬೇಡಿ.

ಸಮಾಧಾನದ ವಿಷಯವೂ ಇದೆ. ಈಗ ಬೆಂಗಳೂರಿನಲ್ಲಿ 'ನಂಬಿಕೆ ನಕ್ಷೆ' ಅಂತ ಇದೆ. 50x80 ಅಡಿವರೆಗಿನ ಸೈಟಿನಲ್ಲಿ, ನಾಲ್ಕು ಮನೆಗಳ ತನಕ, ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಆನ್‌ಲೈನಿನಲ್ಲೇ ನಕ್ಷೆ ಹಾಕಿ ಮಂಜೂರಾತಿ ಪಡೆಯಬಹುದು. "ಒಳಗೆ ನಮ್ಮ ಜನ ಇದ್ದಾರೆ" ಅನ್ನುವ ಏಜೆಂಟನಿಗೆ ಕೊಡುವ ದುಡ್ಡನ್ನು ಇವರಿಗೆ ಕೊಡಿ. ಅದಕ್ಕೂ ಮೊದಲು ನಿಮ್ಮ ಇ-ಖಾತಾ ತೆಗೆದು ಕ್ರಯಪತ್ರದ ಪಕ್ಕ ಇಟ್ಟು ನೋಡಿ. ಹೆಸರು, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಮೂರೂ ತಾಳೆಯಾಗಬೇಕು. ಇನಿಷಿಯಲ್ ಒಂದು ಹೆಚ್ಚುಕಮ್ಮಿ ಆಗಿದ್ದರೂ ಈಗಲೇ ಸರಿ ಮಾಡಿಸಿ.

ಮಂಜೂರಾತಿ ಸಿಕ್ಕ ಮೇಲೆ ಅದರಂತೆ ಕಟ್ಟುವುದೇ ನಿಜವಾದ ಕಷ್ಟ. ನಾನೇ ಜಾರಿದ ಜಾಗ ಅದು. ನಮ್ಮ ನಕ್ಷೆಯಲ್ಲಿ ಪಕ್ಕದ ಖಾಲಿ ಜಾಗ ಮೂರಡಿ. "ಹಾಲ್ ಚಿಕ್ಕದಾಯ್ತು ಸಾರ್, ಗೋಡೆ ಸ್ವಲ್ಪ ಆಚೆ ತಳ್ಳೋಣ" ಅಂದರು ಮೇಸ್ತ್ರಿ. ಸುಮ್ನೆ ತಲೆಯಾಡಿಸಿದೆ. ಕೊನೆಗೆ ಟೇಪ್ ಹಿಡಿದರೆ ಎರಡಡಿ ನಾಲ್ಕಿಂಚು. ಇವತ್ತಿಗೂ ಗ್ಯಾಸ್ ತರುವ ಹುಡುಗ ಸಿಲಿಂಡರನ್ನು ಹೆಗಲಿಗೇರಿಸಿ, ಏಡಿಯ ಹಾಗೆ ಅಡ್ಡಡ್ಡ ನಡೆದುಕೊಂಡೇ ಹಿತ್ತಲಿಗೆ ಹೋಗುತ್ತಾನೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಒಗ್ಗರಣೆ ನಮ್ಮ ಹಾಲಿನಲ್ಲಿ. ಆ ಎಂಟಿಂಚು ಬೇಕಿತ್ತಾ?

ಪಾಯಕ್ಕೆ ದಾರ ಕಟ್ಟುವ ದಿನ ನಕ್ಷೆ ಹಾಕಿದ ಇಂಜಿನಿಯರನ್ನೇ ಸೈಟಿಗೆ ಕರೆಸಿ, ಅವರ ಕೈಯಲ್ಲೇ ಅಳತೆ ಹಿಡಿಸಿ. ಶ್ರಾವಣದ ಮುಹೂರ್ತವನ್ನೇನೂ ಬಿಡಬೇಕಾಗಿಲ್ಲ. ಈಶಾನ್ಯದ ಮೂಲೆಯಲ್ಲಿ ಗುದ್ದಲಿ ಹಾಕಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಬನ್ನಿ. ಜೆಸಿಬಿ ಮಾತ್ರ ಮಂಜೂರಾತಿ ಕೈಗೆ ಬಂದ ಮೇಲೆ ಕರೆಸಿ.

— ಸಂಪಾದಕ