ಬೆನ್ನುಹುರಿಗೆ ಪೆಟ್ಟಾದ ತಮ್ಮನಿಗೆ ಸಕಲೇಶಪುರದ ಕಡೆಯಿಂದ ತಜ್ಞರನ್ನು ಎಲ್ಲಿ ಹುಡುಕೋದು?

ನಿಮ್ಮ ಪ್ರಶ್ನೆಯಲ್ಲಿ ಇರುವುದು ಇಷ್ಟು. ಒಂದೂವರೆ ವರ್ಷದ ಹಿಂದೆ ಬೇರೆಯವರ ತೋಟದಲ್ಲಿ ಕೂಲಿಗೆ ಮೆಣಸು ಕೊಯ್ಯುವಾಗ ತಮ್ಮ ಏಣಿಯಿಂದ ಬಿದ್ದ. ಟಿ4 ಮಟ್ಟದಲ್ಲಿ, ಅಂದರೆ ಎದೆಭಾಗದ ಬೆನ್ನುಹುರಿಯ ನಾಲ್ಕನೇ ಹಂತದಲ್ಲಿ ಪೆಟ್ಟು, ಎದೆಯಿಂದ ಕೆಳಗೆ ಸ್ಪರ್ಶವಿಲ್ಲ, ಕೈಗಳು ಚೆನ್ನಾಗಿವೆ. ಮೂತ್ರದ ಪೈಪು ಪದೇ ಪದೇ ಕಟ್ಟಿಕೊಳ್ಳುತ್ತದೆ, ಜ್ವರ ಬಂದು ಹೋಗುತ್ತದೆ, ಒಮ್ಮೊಮ್ಮೆ ತಲೆ ಸಿಡಿಯುವಂಥ ನೋವು, ಕೂರುವ ಜಾಗದಲ್ಲಿ ಗಾಯ. ಊರಿನ ಡಾಕ್ಟರು ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ ಅನ್ನುತ್ತಾರೆ, ಅವರು ನಮ್ಮ ಕೆಲಸ ಮುಗಿದಿದೆ ಅನ್ನುತ್ತಾರೆ.

ಅವರ ಕೆಲಸ ಮುಗಿದಿರುವುದು ನಿಜ. ಸ್ಪೈನ್ ಸರ್ಜನ್ ಮೂಳೆಗೆ ರಾಡು, ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಿನ ಮೂತ್ರ, ಮಲ, ಗಾಯ, ಸೆಳೆತ, ರಕ್ತದೊತ್ತಡ ಇವು ಅವರ ವಿಷಯವಲ್ಲ. ಹೊಸದಾಗಿ ಮರಗಟ್ಟುವಿಕೆ ಮೇಲಕ್ಕೆ ಏರುತ್ತಿದ್ದರೆ, ಕೈಯಲ್ಲಿ ಶಕ್ತಿ ಕಡಿಮೆಯಾಗುತ್ತಿದ್ದರೆ ಮಾತ್ರ ಮತ್ತೆ ಎಂಆರ್‌ಐ ಮತ್ತು ಸರ್ಜನ್. ಇಲ್ಲದಿದ್ದರೆ ಆ ಬಾಗಿಲು ತಟ್ಟುವುದನ್ನು ಬಿಡಿ.

ನಿಮಗೆ ಬೇಕಾದ ವಿಭಾಗದ ಹೆಸರು ಫಿಜಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್, ಅಂದರೆ ಪಿಎಂಆರ್. ಓಪಿಡಿ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಫಿಜಿಯೋಥೆರಪಿಗೆ ಚೀಟಿ ಬರೆದುಬಿಡುತ್ತಾರೆ, ಆದ್ದರಿಂದ ಹೆಸರನ್ನು ಕಾಗದದಲ್ಲಿ ಬರೆದು ತೋರಿಸಿ. ಫಿಜಿಯೋಥೆರಪಿಸ್ಟ್ ವ್ಯಾಯಾಮ ಮಾಡಿಸುವವರು. ಪಿಎಂಆರ್‌ನವರು ಎಂಬಿಬಿಎಸ್ ಮೇಲೆ ಎಂಡಿ ಮಾಡಿದ ಡಾಕ್ಟರು, ಇಂಥ ಕಾಯಿಲೆಯನ್ನು ಒಟ್ಟಾಗಿ ನೋಡಿ ಯಾರು ಏನು ಮಾಡಬೇಕೆಂದು ನಿರ್ಧರಿಸುವವರು. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಪಿಎಂಆರ್ ವಿಭಾಗ ಇದೆ, ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವೇ ಪ್ರತ್ಯೇಕವಾಗಿದೆ. ವೆಲ್ಲೂರಿನ ಸಿಎಂಸಿ ದೂರವಾದರೂ ಅದರ ಬಾಗಾಯಂ ಪುನರ್ವಸತಿ ಸಂಸ್ಥೆ 1966ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಅವರಿಗೇ 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿತ್ತು, ಗಾಲಿಕುರ್ಚಿಯಲ್ಲಿ ಕೂತೇ ಆಪರೇಷನ್ ಮಾಡುತ್ತಿದ್ದರು. ಈ ಮೂರರಲ್ಲಿ ಒಂದನ್ನು ಹಿಡಿದುಕೊಂಡು ಅಲ್ಲಿಗೇ ಹೋಗಿ. ಪ್ರತಿ ಸಲ ಹೊಸ ಆಸ್ಪತ್ರೆಗೆ ಹೋದರೆ ಪ್ರತಿ ಸಲವೂ ಮೊದಲಿಂದ ಶುರು.

ಎಲ್ಲದಕ್ಕೂ ಬೆಂಗಳೂರು ಬೇಡ. ಪೈಪು ಬದಲಿಸುವುದು, ಡ್ರೆಸಿಂಗ್ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯ ಮಟ್ಟದ ಕೆಲಸ. ಕಿಡ್ನಿ ಮತ್ತು ಮೂತ್ರಕೋಶದ ಸ್ಕ್ಯಾನಿಂಗ್, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಅಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್), ಯೂರಿನ್ ಕಲ್ಚರ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂಬ ಪರೀಕ್ಷೆ) ಇವನ್ನು ಹಾಸನದಲ್ಲೇ ಮಾಡಿಸಿ. ಬೆಂಗಳೂರಿಗೆ ಉಳಿಯುವುದು ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಾಮಿಕ್ಸ್, ಗಾಯಕ್ಕೆ ಪ್ಲಾಸ್ಟಿಕ್ ಸರ್ಜರಿ, ಮತ್ತು ಒಳರೋಗಿಯಾಗಿ ಕೆಲವು ವಾರ ಪುನರ್ವಸತಿ. ಹಾಸನದ ವರದಿಗಳನ್ನು ಕೈಯಲ್ಲಿ ಹಿಡಿದು ಹೋದರೆ ಮೊದಲ ಭೇಟಿಯಲ್ಲೇ ಕೆಲಸ ಮುಂದೆ ಹೋಗುತ್ತದೆ.

ಈಗ ಮೂತ್ರದ ವಿಷಯ. ಈ ಕಾಯಿಲೆಯಲ್ಲಿ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ಮೂತ್ರಕೋಶ ಹಿಂಡುವ ಹೊತ್ತಿಗೇ ಕೆಳಗಿನ ಸ್ನಾಯು ಬಿಗಿಯುವುದರಿಂದ ಒಳಗೆ ಒತ್ತಡ ಏರಿ ಮೂತ್ರ ಮೇಲಕ್ಕೆ ನುಗ್ಗುತ್ತದೆ. ಆ ಒತ್ತಡ 40 ಸೆಂ.ಮೀ. ನೀರಿನ ಮಟ್ಟ ದಾಟಿದರೆ ಕಿಡ್ನಿಗೆ ಅಪಾಯ. ಇದನ್ನು ಹೇಳುವುದು ಯೂರೋಡೈನಾಮಿಕ್ಸ್ ಮಾತ್ರ, ಸ್ಕ್ಯಾನಿಂಗ್ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವ ಹೊತ್ತಿಗೆ ಹಾನಿ ಆಗಿರುತ್ತದೆ. ಪೈಪು ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಮೂತ್ರಕೋಶದ ಕಲ್ಲು. ಕೆಲವು ಬ್ಯಾಕ್ಟೀರಿಯಾ ಮೂತ್ರವನ್ನು ಕ್ಷಾರ ಮಾಡುತ್ತವೆ, ಆಗ ಪೈಪಿನ ತುದಿಯಲ್ಲಿ ಸುಣ್ಣದಂಥ ಪದರ ಕೂರುತ್ತದೆ. ತೆಗೆದ ಪೈಪಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಮರಳು ಸಿಕ್ಕಿದರೆ ಸ್ಕ್ಯಾನಿಂಗ್ ಚೀಟಿಯಲ್ಲಿ ‘ಮೂತ್ರಕೋಶದ ಕಲ್ಲು ನೋಡಿ’ ಎಂದು ಬರೆಸಿ. ಕಲ್ಲು ಇರುವಷ್ಟು ದಿನ ಎಷ್ಟು ಆಂಟಿಬಯೋಟಿಕ್ ಕೊಟ್ಟರೂ ಜ್ವರ ಮರಳುತ್ತದೆ. ಕಲ್ಲು ತೆಗೆಸಲು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ, ಅದು ಸರ್ಕಾರದ್ದೇ.

ಹಳದಿ ರಬ್ಬರಿನ ಪೈಪಿಗಿಂತ ಪೂರ್ತಿ ಸಿಲಿಕೋನ್ ಪೈಪು ಮೇಲು. ಅದೇ ಸೈಜಿನಲ್ಲಿ ಒಳರಂಧ್ರ ದೊಡ್ಡದು, ಬೇಗ ಕಟ್ಟುವುದಿಲ್ಲ. ಗಂಡಸರಿಗೆ ಸಾಮಾನ್ಯವಾಗಿ 14 ಅಥವಾ 16, ಪೈಪನ್ನು ಒಳಗೆ ಹಿಡಿದಿಡುವ ಬಲೂನಿಗೆ 10 ಮಿ.ಲೀ. ಸ್ಟೆರೈಲ್ ನೀರು. ಸಲೈನ್ ತುಂಬಿಸಿದರೆ ಉಪ್ಪು ಹರಳುಗಟ್ಟಿ ಬಲೂನು ಇಳಿಯದೆ ಹೋಗಬಹುದು. ಸೋರುತ್ತದೆಂದು ದಪ್ಪ ಪೈಪು ಹಾಕಿಸಬೇಡಿ. ಸೋರುವುದು ಮೂತ್ರಕೋಶದ ಸೆಳೆತದಿಂದ ಅಥವಾ ಪೈಪು ಕಟ್ಟಿರುವುದರಿಂದ. ಕಲ್ಚರ್‌ಗೆ ಬ್ಯಾಗಿನ ಮೂತ್ರ ಕೊಡಬೇಡಿ. ಹೊಸ ಪೈಪು ಹಾಕಿಸಿ ಅದರಿಂದ ಮೊದಲು ಬಂದ ಮೂತ್ರ ಕೊಡಿ, ಆಮೇಲೆ ಮಾತ್ರೆ ಶುರು ಮಾಡಿ. ಪೈಪು ಇರುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತದೆ. ಜ್ವರ, ಹೆಚ್ಚಿದ ಸೆಳೆತ, ಬೆವರು, ಹೊಸದಾಗಿ ಸೋರುವುದು ಏನೂ ಇಲ್ಲದೆ ಬರೀ ವರದಿ ನೋಡಿ ಆಂಟಿಬಯೋಟಿಕ್ ಬರೆದರೆ, ಮುಂದೆ ನಿಜವಾಗಿ ಬೇಕಾದಾಗ ಯಾವುದೂ ಕೆಲಸ ಮಾಡದ ಸ್ಥಿತಿ ಬರುತ್ತದೆ.

ಕೈ ಚೆನ್ನಾಗಿರುವ ಟಿ4 ರೋಗಿ ಖಾಯಂ ಪೈಪಿನಲ್ಲಿ ಇರಬೇಕಾಗಿಯೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 4ರಿಂದ 6 ಗಂಟೆಗೊಮ್ಮೆ ತಾನೇ ಸಣ್ಣ ಪೈಪು ಹಾಕಿ ಖಾಲಿ ಮಾಡಿ ತೆಗೆಯುವುದು, ಅಂದರೆ ಸಿಐಸಿ, ಕಲಿಯಬಹುದು. ಒಂದು ಸಲಕ್ಕೆ 400ರಿಂದ 500 ಮಿ.ಲೀ. ಮೀರಬಾರದು, ಮೀರಿದರೆ ನಡುವಿನ ಅವಧಿ ಕಡಿಮೆ ಮಾಡಿ. ಆದರೆ ಯೂರೋಡೈನಾಮಿಕ್ಸ್ ಆಗಿ, ಮೂತ್ರಕೋಶ ಸಡಿಲಿಸುವ ಮಾತ್ರೆ ಬೇಕೇ ಎಂದು ಡಾಕ್ಟರು ಹೇಳಿದ ಮೇಲೆ, ತರಬೇತಿ ಪಡೆದೇ ಶುರುಮಾಡಬೇಕು. ಪೈಪಿಗೆ ಕ್ಲಿಪ್ ಹಾಕಿ ಗಂಟೆಗೊಮ್ಮೆ ಬಿಚ್ಚುವ ‘ಬ್ಲ್ಯಾಡರ್ ಟ್ರೈನಿಂಗ್’ ಯಾರಾದರೂ ಹೇಳಿದರೆ ಮಾಡಬೇಡಿ. ಟಿ4 ಮಟ್ಟದಲ್ಲಿ ಅದು ನೇರವಾಗಿ ಮುಂದೆ ಹೇಳುವ ಅಪಾಯಕ್ಕೆ ದಾರಿ.

ಆ ತಲೆನೋವು ಮೈಗ್ರೇನ್ ಅಲ್ಲದಿರುವ ಸಾಧ್ಯತೆ ಹೆಚ್ಚು. ಟಿ6 ಮತ್ತು ಅದಕ್ಕಿಂತ ಮೇಲಿನ ಪೆಟ್ಟಿನಲ್ಲಿ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಸ್ಥಿತಿ ಬರುತ್ತದೆ. ಕೆಳಗೆ ಏನೋ ಕಿರಿಕಿರಿ ಆದಾಗ (ಹೆಚ್ಚಿನ ಸಲ ತುಂಬಿದ ಮೂತ್ರಕೋಶ, ಆಮೇಲೆ ಗಟ್ಟಿ ಮಲ, ಗಾಯ, ಒಳಗೆ ಬೆಳೆದ ಉಗುರು, ಬಿಗಿ ಪ್ಯಾಂಟು) ಮಿದುಳಿನ ಹಿಡಿತವಿಲ್ಲದೆ ಕೆಳಗಿನ ರಕ್ತನಾಳಗಳು ಬಿಗಿದು ಬಿಪಿ ಚಿಮ್ಮುತ್ತದೆ. ಮುಖ ಕೆಂಪಾಗಿ ಬೆವರು, ಕೆಳಗೆ ಮೈ ತಣ್ಣಗೆ, ನಾಡಿ ನಿಧಾನ. ಇಂಥವರ ಮಾಮೂಲಿ ಬಿಪಿಯ ಮೇಲಿನ ಅಂಕಿಯೇ 90 ಅಥವಾ 100 ಇರುತ್ತದೆ. 140 ಬಂದರೆ ಕ್ಯಾಶುಯಲ್ಟಿಯಲ್ಲಿ ‘ನಾರ್ಮಲ್’ ಅನ್ನುತ್ತಾರೆ, ಅವನಿಗೆ ಅದು ತುರ್ತು. ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು.

ತಕ್ಷಣ ಎತ್ತಿ ನೇರ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಮಲಗಿಸಬೇಡಿ, ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ಬೆಲ್ಟು, ಸಾಕ್ಸು ಸಡಿಲಿಸಿ. ಪೈಪು ಮಡಿಚಿದೆಯೇ, ಬ್ಯಾಗು ತುಂಬಿದೆಯೇ ನೋಡಿ. ಕಟ್ಟಿದ್ದರೆ ಮರಗಟ್ಟಿಸುವ ಲಿಗ್ನೊಕೇಯ್ನ್ ಜೆಲ್ಲಿ ಹಾಕಿ ಬದಲಿಸಬೇಕು. ಜೆಲ್ಲಿ ಇಲ್ಲದೆ ತುರುಕಿದರೆ ಅದೇ ಇನ್ನೊಂದು ಪ್ರಚೋದನೆ. ಆಮೇಲೆ ಗುದದಲ್ಲಿ ಮಲ ಇದೆಯೇ ಎಂದು ಅದೇ ಜೆಲ್ಲಿ ಹಚ್ಚಿ ನೋಡುವುದು. ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿಪಿ ನೋಡಿ. ಕಾರಣ ಸಿಗದೆ 150 ದಾಟಿ ನಿಂತರೆ ಬೇಗ ಇಳಿಸುವ ಔಷಧಿ ಆಸ್ಪತ್ರೆಯಲ್ಲೇ ಕೊಡಬೇಕು. ನಿಧಾನವಾಗಿ ಕೆಲಸ ಮಾಡುವ ಬಿಪಿ ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಕಾರಣ ಹಾಗೇ ಉಳಿದು, ರಾತ್ರಿ ಬಿಪಿ ಕುಸಿಯುತ್ತದೆ. ಇನ್ನೊಂದು: ಸ್ಪರ್ಶ ಇಲ್ಲ ಎಂದು ಅರಿವಳಿಕೆ ಇಲ್ಲದೆ ಗಾಯ ಕೊಯ್ಯಲು, ಉಗುರು ತೆಗೆಯಲು ಬಿಡಬೇಡಿ. ಅವನಿಗೆ ನೋವು ಗೊತ್ತಾಗದಿದ್ದರೂ ಬಿಪಿ ಏರುತ್ತದೆ.

ಇದಕ್ಕಾಗಿ ಒಂದು ಪುಟದ ಕಾಗದ ಟೈಪ್ ಮಾಡಿಸಿ ಲ್ಯಾಮಿನೇಟ್ ಮಾಡಿಸಿಡಿ. ಪೆಟ್ಟಿನ ಮಟ್ಟ ಮತ್ತು ಏಷಿಯಾ (ASIA) ಗ್ರೇಡ್, ಅಂದರೆ ಪೆಟ್ಟು ಪೂರ್ಣವೋ ಭಾಗಶಃವೋ ಎಂದು ಹೇಳುವ ಅಳತೆ, ಬಿದ್ದ ದಿನಾಂಕ, ಹಾಕಿರುವ ಲೋಹ, ಮಾಮೂಲಿ ಬಿಪಿ, ಪೈಪಿನ ಸೈಜು, ಮಾತ್ರೆಗಳ ಪ್ರಮಾಣ, ಮೇಲಿನ ತುರ್ತು ಕ್ರಮ. ಪೈಪು ಬದಲಿಸಿದ ದಿನಾಂಕ ಅದರ ಹಿಂದೆ ಪೆನ್ಸಿಲಿನಲ್ಲಿ. ಸೆಳೆತಕ್ಕೆ ಬ್ಯಾಕ್ಲೋಫೆನ್ ನುಂಗುತ್ತಿದ್ದರೆ ‘ಒಮ್ಮೆಲೇ ನಿಲ್ಲಿಸಬಾರದು’ ಎಂದು ದಪ್ಪಕ್ಷರದಲ್ಲಿ ಇರಲಿ, ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎಂಆರ್‌ಐ ಫಿಲ್ಮಿಗಿಂತ ಸಿಡಿ ಮುಖ್ಯ.

ಗಾಯಕ್ಕೆ ಮುಲಾಮು ಹುಡುಕುವುದಕ್ಕಿಂತ ಭಾರ ತೆಗೆಯುವುದು ಮೊದಲು. ಕೂರುವ ಮೂಳೆಯ ಮೇಲಿನ ಗಾಯ ಕೂತುಕೊಂಡೇ ಇದ್ದರೆ ಯಾವ ಡ್ರೆಸಿಂಗ್‌ಗೂ ಮಾಯುವುದಿಲ್ಲ. ಮಾಯುವ ತನಕ ಮಗ್ಗುಲಾಗಿ ಅಥವಾ ಬೋರಲು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲು. ಉಂಗುರದಂಥ ಗಾಳಿ ಟ್ಯೂಬಿನ ಮೇಲೆ ಕೂರಿಸಬೇಡಿ, ಅದು ಸುತ್ತಲಿನ ರಕ್ತ ಸಂಚಾರ ಒತ್ತಿ ನಡುವಿನ ಗಾಯವನ್ನು ಹೆಚ್ಚಿಸುತ್ತದೆ. ಗಾಯದಲ್ಲಿ ಮೂಳೆ ತಗುಲಿದರೆ, ವಾಸನೆಯ ಕೀವು ನಿಲ್ಲದಿದ್ದರೆ ಮೂಳೆಗೆ ಸೋಂಕು ಇದೆಯೇ ನೋಡಬೇಕು, ಅದು ಪ್ಲಾಸ್ಟಿಕ್ ಸರ್ಜನ್ ವಿಷಯ. ಹಿಮೋಗ್ಲೋಬಿನ್, ಅಲ್ಬುಮಿನ್ ಕಡಿಮೆ ಇದ್ದರೆ ಫ್ಲ್ಯಾಪ್ (ಪಕ್ಕದ ಚರ್ಮ, ಮಾಂಸ ಸರಿಸಿ ಗಾಯ ಮುಚ್ಚುವ ಆಪರೇಷನ್) ಹಾಕಿದರೂ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮೊಟ್ಟೆ, ಬೇಳೆ, ಮೀನು ಈಗಿಂದಲೇ.

ದುಡ್ಡಿನ ವಿಷಯ ಚುಟುಕಾಗಿ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಆದರೆ ಅದು ದಾಖಲಾದ ಚಿಕಿತ್ಸೆಗೆ. ಓಪಿಡಿ, ಪೈಪು, ಡ್ರೆಸಿಂಗ್ ನಿಮ್ಮ ಜೇಬಿನದು. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ರೆಫರಲ್ ಬರೆಸುವಾಗ ‘ಹೆಚ್ಚಿನ ಚಿಕಿತ್ಸೆಗೆ’ ಎಂದಷ್ಟೇ ಬೇಡ, ಯಾವ ವಿಭಾಗ, ಯಾವ ಚಿಕಿತ್ಸೆ ಎಂದು ಬರೆಯಿಸಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಇಲ್ಲದಿದ್ದರೆ ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಿಸಿಕೊಡುತ್ತಾರೆ. ಕೆಲವು ಅಂಗವೈಕಲ್ಯಗಳಿಗಿರುವ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಮಾಡಿಸಿ ಎಂದು ಯಾರಾದರೂ ಹೇಳಬಹುದು, ಅದು ಬೆನ್ನುಹುರಿ ಪೆಟ್ಟಿಗೆ ಬರುವುದಿಲ್ಲ. ಕೂಲಿಗೆ ಹೋದಾಗ ಬಿದ್ದಿದ್ದರಿಂದ ನೌಕರರ ಪರಿಹಾರದ ಕಾನೂನಿನಡಿ ತೋಟದ ಮಾಲೀಕರಿಂದ ಪರಿಹಾರ ಕೇಳಬಹುದು, ಅರ್ಜಿಗೆ ಗಡುವು 2 ವರ್ಷ. ಒಂದೂವರೆ ಆಗಿದೆ, ಈ ತಿಂಗಳೇ ವಕೀಲರನ್ನು ನೋಡಿ.

ಪ್ರಯಾಣಕ್ಕೆ ರೈಲು ಕಾರಿಗಿಂತ ಒಳ್ಳೆಯದು, ಮಲಗಿಸಿಕೊಂಡು ಹೋಗಬಹುದು. ಜೊತೆಗಾರರಿಲ್ಲದೆ ಪ್ರಯಾಣಿಸಲಾರದ ಅಂಗವಿಕಲರಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಏಸಿಯಲ್ಲಿ ಶೇ. 75 ರಿಯಾಯಿತಿ, ಜೊತೆಗಾರನಿಗೂ ಅಷ್ಟೇ. ಗಾಯ ಮಾಯ್ದ ಮೇಲೆ ಗಾಳಿ ತುಂಬುವ ಕುಶನ್ ಕೊಂಡರೆ ಮಲೆನಾಡಿನವರಿಗೆ ಒಂದು ವಿಶೇಷ ಎಚ್ಚರಿಕೆ. ಘಟ್ಟದ ಮೇಲೆ ಸರಿಯಾಗಿ ತುಂಬಿದ ಕುಶನ್ ಶಿರಾಡಿ ಇಳಿದು ಮಂಗಳೂರಿನ ಕಡೆ ಹೋದಾಗ ಹೊರಗಿನ ಗಾಳಿಯ ಒತ್ತಡ ಹೆಚ್ಚಿ ಕುಗ್ಗುತ್ತದೆ, ಮೂಳೆ ನೇರ ಹಲಗೆಗೆ ತಾಗುತ್ತದೆ. ಘಟ್ಟ ಇಳಿದ ಮೇಲೆ ಕೂತವನ ಮೂಳೆಯ ಕೆಳಗೆ ಕೈ ತೂರಿಸಿ ನೋಡಿ: ಮೂಳೆಗೂ ಕುಶನ್ನಿನ ತಳಕ್ಕೂ ಅರ್ಧದಿಂದ ಒಂದು ಇಂಚು ಗಾಳಿ ಇರಬೇಕು. ಕಡಿಮೆ ಇದ್ದರೆ ಪಂಪು ಹೊಡೆಯಿರಿ, ವಾಪಸ್ ಘಟ್ಟ ಹತ್ತಿದ ಮೇಲೆ ಅಷ್ಟೇ ಗಾಳಿ ಹೊರಗೆ ಬಿಡಿ.