ಕೈ ಜೋಮು ಸರಿ, ಕತ್ತಿನ ಎಕ್ಸ್-ರೇ ಆಗಿದೆಯೇ?

ಪ್ರಶ್ನೆ: ನನಗೆ 52 ವರ್ಷ. ಹನ್ನೆರಡು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಈಗ ಮೂರು ತಿಂಗಳಿಂದ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ತಲೆ ಬಗ್ಗಿಸಿದರೆ ಹಿಂದಲೆ ನೋಯುತ್ತದೆ. ಕೀಲಿನ ಕಾಯಿಲೆ ನರಕ್ಕೂ ತಗಲುತ್ತದೆಯೇ?

ಉತ್ತರ: ತಗಲುತ್ತದೆ. ಹೆಚ್ಚಿನವರಲ್ಲಿ ಊದಿದ ಕೀಲು ಪಕ್ಕದ ನರವನ್ನು ಒತ್ತುವುದೇ ಕಾರಣ. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹಾದುಹೋಗುತ್ತದೆ. ರಜ್ಜುಗಳ ಪೊರೆ ಊದಿದರೆ ನರಕ್ಕೆ ಜಾಗ ಸಾಲದು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿದು, ಕೈ ಕೊಡವಿದರೆ ಹಗುರವಾಗುತ್ತಿದ್ದರೆ ಬಹುಶಃ ಇದೇ. ಮಣಿಕಟ್ಟು ಮಡಚದಂತೆ ನೇರವಾಗಿ ಹಿಡಿಯುವ ಸ್ಪ್ಲಿಂಟ್ ಅನ್ನು ಆರು ವಾರ ರಾತ್ರಿ ಕಟ್ಟಿಕೊಳ್ಳಿ. ಜೊತೆಗೆ ಸಂಧಿವಾತವೇ ಹತೋಟಿಯಲ್ಲಿರಬೇಕು, ಇಲ್ಲವಾದರೆ ಸ್ಪ್ಲಿಂಟ್ ಬರೀ ಸಮಾಧಾನ. ಹೆಬ್ಬೆರಳ ಬುಡದ ದಿಂಡು ಕರಗುತ್ತಿದ್ದರೆ ಕಾಯಬೇಡಿ, ನರದ ವಹನ ಪರೀಕ್ಷೆ (ನರದಲ್ಲಿ ಸಂಕೇತ ಎಷ್ಟು ಸರಿಯಾಗಿ ಸಾಗುತ್ತಿದೆ ಎಂದು ಅಳೆಯುವುದು) ಮಾಡಿಸಿ ಶಸ್ತ್ರಚಿಕಿತ್ಸೆಯ ಮಾತಾಡಿ.

ನನಗೆ ಹೆಚ್ಚು ಆತಂಕ ನಿಮ್ಮ ಕತ್ತಿನದು. ತಲೆಬುರುಡೆಯ ಕೆಳಗಿನ ಮೊದಲೆರಡು ಕಶೇರುಕಗಳನ್ನು (ಬೆನ್ನುಮೂಳೆಯ ಮಣಿಗಳನ್ನು) ಬಿಗಿಹಿಡಿದ ಅಸ್ಥಿರಜ್ಜನ್ನು ಉರಿಯೂತ ಸವೆಸಿಬಿಡಬಹುದು. ಆಗ ತಲೆ ಬಗ್ಗಿಸಿದಾಗ ಮೇಲಿನ ಕಶೇರುಕ ಮುಂದಕ್ಕೆ ಜಾರುತ್ತದೆ, ಬೆನ್ನುಹುರಿಗೆ ಒತ್ತು ಬೀಳುತ್ತದೆ. ತಲೆ ನೇರವಾಗಿಟ್ಟು ತೆಗೆದ ಎಕ್ಸ್-ರೇಯಲ್ಲಿ ಇದು ಕಾಣದೇ ಹೋಗಬಹುದು. ಕತ್ತು ಬಗ್ಗಿಸಿ, ಹಿಂದಕ್ಕೆ ಚಾಚಿ ಎರಡೂ ಭಂಗಿಯಲ್ಲಿ ತೆಗೆಯಲು ಕೇಳಿ. ಅದೂ ವೈದ್ಯರ ಕಣ್ಣೆದುರು, ನೀವೇ ನಿಧಾನವಾಗಿ ಬಗ್ಗಬೇಕು, ಯಾರೂ ಒತ್ತಬಾರದು. ವಯಸ್ಕರಲ್ಲಿ ಆ ಎರಡು ಮೂಳೆಗಳ ನಡುವಿನ ಅಂತರ 3 ಮಿಲಿಮೀಟರ್ ಮೀರಿದರೆ ಅಸಹಜ.

ಬಗ್ಗಿದಾಗ ಬೆನ್ನಿಗೆ ಕರೆಂಟ್ ಹೊಡೆದಂತಾದರೆ, ಗುಂಡಿ ಹಾಕಲು ಕೈ ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ, ಎಂಆರ್‌ಐ ಬೇಕಾಗುತ್ತದೆ. ಪರೀಕ್ಷೆ ಮುಗಿಯುವವರೆಗೆ ಕತ್ತಿನ ಮಾಲೀಶು, ಲಟಿಕೆ ತೆಗೆಸುವುದು, ಎಳೆತದ ಚಿಕಿತ್ಸೆ ಯಾವುದೂ ಬೇಡ. ಬೇರೆ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಅರಿವಳಿಕೆ ವೈದ್ಯರಿಗೆ ಸಂಧಿವಾತದ ವಿಷಯ ಮೊದಲೇ ಹೇಳಿ: ಉಸಿರಾಟದ ಕೊಳವೆ ಇಳಿಸಲು ಅವರು ಕತ್ತನ್ನು ಹಿಂದಕ್ಕೆ ಬಾಗಿಸುವುದುಂಟು.

ಇನ್ನೊಂದು, ಅಪರೂಪದ್ದು: ಪಾದ ಇದ್ದಕ್ಕಿದ್ದಂತೆ ಎತ್ತಲಾಗದೆ ನೆಲಕ್ಕೆ ಎಳೆದರೆ ಅದು ಒತ್ತಡದ ಸಮಸ್ಯೆ ಆಗಿರಲಿಕ್ಕಿಲ್ಲ. ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೇ ಉರಿಯೂತದಿಂದ ಮುಚ್ಚಿರಬಹುದು. ಇದಕ್ಕೆ ಸ್ಟೀರಾಯ್ಡ್ ಮತ್ತು ಪ್ರತಿರೋಧ ಶಕ್ತಿ ತಗ್ಗಿಸುವ ಔಷಧ ಬೇಗ ಶುರುವಾಗಬೇಕು. ಎರಡೂ ಪಾದ ಉರಿಯುತ್ತಿದ್ದರೆ ನಿಮ್ಮ ಮಾತ್ರೆಗಳ ಪಟ್ಟಿ ಒಯ್ದು ತೋರಿಸಿ, ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಮಾತ್ರೆ ಕೂಡ ನರಕ್ಕೆ ಹಾನಿ ಮಾಡಬಲ್ಲದು. ತಾವಾಗಿಯೇ ನಿಲ್ಲಿಸಬೇಡಿ.