ಹಳೇ ಕಾರಿನ ಕ್ರೂಸ್ ಹಿಡಿಯುತ್ತಿಲ್ಲವೇ? ಮೊದಲು ಬ್ರೇಕ್ ಪೆಡಲ್ ನೋಡಿ

ನಿಮ್ಮ ಪ್ರಶ್ನೆ ಓದಿದೆ. 2011ರ ಡೀಸೆಲ್ ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೀರಿ. ಚಿತ್ರದುರ್ಗದಿಂದ ಬೆಂಗಳೂರಿಗೆ ಆಗಾಗ ಓಡಾಟ. ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ಮೇಲೆ ಕಾಲಿಡದೆಯೇ ಕಾರು ಒಂದೇ ವೇಗದಲ್ಲಿ ಹೋಗುವಂತೆ ಹಿಡಿದಿಡುವ ಸೌಲಭ್ಯ, ಅದರಲ್ಲಿದೆ. ಕ್ರೂಸ್ ಬಟನ್ ಒತ್ತಿದರೆ ಮೀಟರಿನಲ್ಲಿ ದೀಪ ಬರುತ್ತದೆ, ಆದರೆ ಸೆಟ್ ಒತ್ತಿದರೆ ವೇಗ ಹಿಡಿಯುವುದಿಲ್ಲ. ಗ್ಯಾರೇಜಿನವರು ‘ಕ್ರೂಸ್ ಮಾಡ್ಯೂಲ್ ಹೋಗಿದೆ, ಬದಲಿಸಬೇಕು’ ಅಂದಿದ್ದಾರೆ. ಬದಲಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ದುಡ್ಡು ಕೊಡುವ ಮುಂಚೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಕತ್ತಲಾದ ಮೇಲೆ ಕಾರಿನ ಹಿಂಭಾಗ ಯಾವುದಾದರೂ ಗೋಡೆಗೆ ಹತ್ತಿರ ಬರುವಂತೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಹೆಡ್‌ಲೈಟ್, ಪಾರ್ಕಿಂಗ್ ಲೈಟ್ ಎಲ್ಲಾ ಆರಿಸಿ. ಇಗ್ನಿಷನ್ ಮಾತ್ರ ಆನ್ ಇರಲಿ. ಬ್ರೇಕಿನಿಂದ ಕಾಲು ಪೂರ್ತಿ ತೆಗೆದು, ಕನ್ನಡಿಯಲ್ಲಿ ಗೋಡೆ ನೋಡಿ. ಗೋಡೆ ಕೆಂಪಗೆ ಕಂಡರೆ ನಿಮ್ಮ ಕ್ರೂಸ್ ಯಾಕೆ ಹಿಡಿಯುತ್ತಿಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು. ಕಾಲು ಒತ್ತಿದರೂ ಗೋಡೆ ಕೆಂಪಾಗದಿದ್ದರೆ ಅದೂ ದೊಡ್ಡ ಸುಳಿವೇ.

ಇದು ನನಗೆ ಆದ ಅನುಭವ. ನಾನು ದಾವಣಗೆರೆಯವನು. ನನ್ನದು 2012ರ ಡೀಸೆಲ್ ಕಾರು, ಮ್ಯಾನ್ಯುಯಲ್ ಗೇರು. ಎರಡು ತಿಂಗಳಿಗೊಮ್ಮೆ ಅಮ್ಮನನ್ನು ಬೆಂಗಳೂರಿಗೆ ಚೆಕಪ್‌ಗೆ ಕರೆದುಕೊಂಡು ಹೋಗಬೇಕು. ಹೋಗುವುದು ಸುಮಾರು 260 ಕಿಲೋಮೀಟರ್. ಅಮ್ಮನಿಗೆ ಕಾರಿನಲ್ಲಿ ವಾಂತಿ ಬರುತ್ತದೆ. ಕ್ರೂಸ್ ಹಾಕಿ 80ರಲ್ಲಿ ಒಂದೇ ಸಮ ಹೋದರೆ ಅವರು ಆರಾಮಾಗಿ ನಿದ್ದೆ ಮಾಡುತ್ತಾರೆ. ನನ್ನ ಕಾಲು ಆಕ್ಸಿಲರೇಟರ್ ಮೇಲಿದ್ದರೆ ಹಿಂದಕ್ಕೂ ಮುಂದಕ್ಕೂ ತೂಗಿದ ಹಾಗಾಗಿ ಹಿರಿಯೂರು ಬರುವಷ್ಟರಲ್ಲಿ ಗಾಡಿ ನಿಲ್ಲಿಸು ಅನ್ನುತ್ತಾರೆ. ಕ್ರೂಸ್ ಕಂಟ್ರೋಲ್ ಹುಟ್ಟಿದ್ದೂ ಇಂಥದೇ ಕಿರಿಕಿರಿಯಿಂದ. ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ವಕೀಲರು ಕಾರು ಓಡಿಸುವಾಗ ಮಾತಿನ ಭರದಲ್ಲಿ ವೇಗ ಏರಿಸಿ ಇಳಿಸಿ ಮಾಡುತ್ತಿದ್ದರಂತೆ. ಅದನ್ನು ತಾಳಲಾರದೆ ಟೀಟರ್ ವೇಗ ಹಿಡಿದಿಡುವ ಸಾಧನ ಮಾಡಿದರು. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಬಂತು. ಹಾಗಾಗಿ ಇದನ್ನು ಸುಮ್ನೆ ಶೋಕಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಹೋದ ವರ್ಷ ಆನಗೋಡು ದಾಟಿದ ಮೇಲೆ ಸೆಟ್ ಒತ್ತಿದರೆ ಹಿಡಿಯುತ್ತಿತ್ತು, ಭರಮಸಾಗರದ ಹತ್ತಿರ ರಸ್ತೆ ಸ್ವಲ್ಪ ಕುಲುಕಿದರೆ ಬಿಟ್ಟುಬಿಡುತ್ತಿತ್ತು. ಎರಡು ವಾರಕ್ಕೆ ಪೂರ್ತಿ ನಿಂತಿತು. ಒಂದು ಗ್ಯಾರೇಜಿನಲ್ಲಿ ನಿಮಗೆ ಹೇಳಿದ ಹಾಗೇ ಹೇಳಿದರು. ಮನಸ್ಸು ಒಪ್ಪದೆ ಹಳೇ ಪಿ.ಬಿ. ರಸ್ತೆಯ ಕಡೆ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. ಕಾರಿನ ಹಿಂದೆ ಹೋಗಿ ನಿಂತರು.

‘ಸರ, ಬ್ರೇಕಿನ ಮ್ಯಾಲೆ ಕಾಲಿಟ್ಟೀರೇನು?’

‘ಇಲ್ಲಣ್ಣ, ತೆಗೆದೀನಿ.’

‘ಮತ್ತೆ ಲೈಟ್ ಹತ್ತೈತಲ್ಲ!’

ಆಮೇಲೆ ಅವರು ಕಾಲಡಿಯ ಮ್ಯಾಟ್ ಎತ್ತಿದರು. ಅಲ್ಲಿ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದವು. ಅವನ್ನು ನಾನು ಮೊದಲೇ ನೋಡಿದ್ದೆ, ಮಗನ ಆಟಿಕೆಯದು ಅಂದುಕೊಂಡು ಸುಮ್ಮನಿದ್ದೆ.

ವಿಷಯ ಇಷ್ಟು. ಬ್ರೇಕ್ ಪೆಡಲಿನ ತೋಳಿನ ಮೇಲ್ಭಾಗದಲ್ಲಿ ಒಂದು ತೂತು ಇರುತ್ತದೆ. ಅದಕ್ಕೆ ಗುಂಡಿಯಂಥ ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಟಾಪರ್ ಸಿಕ್ಕಿಸಿರುತ್ತಾರೆ. ಕಾಲು ತೆಗೆದಾಗ ಪೆಡಲ್ ಮೇಲೆ ಬಂದು, ಆ ಗುಂಡಿ ಬ್ರೇಕ್ ಸ್ವಿಚ್ಚಿನ ಕಡ್ಡಿಯನ್ನು ಒಳಗೆ ಒತ್ತಿ ಹಿಡಿಯುತ್ತದೆ. ಕಡ್ಡಿ ಒಳಗಿದ್ದರೆ ‘ಬ್ರೇಕ್ ಹಾಕಿಲ್ಲ’ ಅಂತ ಅರ್ಥ. ಹತ್ತು ಹನ್ನೆರಡು ವರ್ಷದ ಬಿಸಿಲಿಗೆ, ಸೆಕೆಗೆ ಆ ಗುಂಡಿ ಒಣಗಿ ಪುಡಿಯಾಗುತ್ತದೆ. ಆಗ ಕಡ್ಡಿ ತೂತಿನೊಳಗೆ ನುಗ್ಗಿ ಹೊರಗೇ ಉಳಿಯುತ್ತದೆ. ನೀವು ಸದಾ ಬ್ರೇಕ್ ಒತ್ತಿಕೊಂಡೇ ಇದ್ದೀರಿ ಅಂತ ಕಾರು ತಿಳಿಯುತ್ತದೆ. ಬ್ರೇಕ್ ಒತ್ತಿದಾಗ ಕ್ರೂಸ್ ಹಿಡಿಯಬಾರದು, ಅಲ್ವಾ? ಹಿಡಿಯದೇ ಇರುವುದೇ ಸರಿ.

ಹೊಸ ಗುಂಡಿಗೆ ನೂರು ರೂಪಾಯಿಯೂ ಆಗಲಿಲ್ಲ.

ಗುಂಡಿ ಸರಿಯಿದ್ದರೆ ಸ್ವಿಚ್ಚನ್ನೇ ನೋಡಬೇಕು. ಕ್ರೂಸ್ ಇರುವ ಎಷ್ಟೋ ಕಾರುಗಳಲ್ಲಿ ಈ ಸ್ವಿಚ್ಚಿಗೆ ನಾಲ್ಕು ತಂತಿ ಇರುತ್ತವೆ, ಒಳಗೆ ಎರಡು ಜೋಡಿ. ಪೆಡಲ್ ಒತ್ತಿದಾಗ ಒಂದು ಜೋಡಿ ಕೂಡಿಕೊಂಡು ಹಿಂದಿನ ಲೈಟ್ ಹತ್ತಿಸುತ್ತದೆ. ಅದೇ ಹೊತ್ತಿಗೆ ಇನ್ನೊಂದು ಜೋಡಿ ಬಿಟ್ಟುಕೊಂಡು ಕ್ರೂಸ್ ಕಡಿಯುತ್ತದೆ. ಎಂಜಿನ್ ಕಂಪ್ಯೂಟರ್ ಎರಡನ್ನೂ ನೋಡುತ್ತಿರುತ್ತದೆ. ಎರಡೂ ಒಂದೇ ಮಾತು ಹೇಳದಿದ್ದರೆ ಅದು ಯಾವುದನ್ನೂ ನಂಬದೆ ಕ್ರೂಸ್ ಕೊಡುವುದಿಲ್ಲ. ಅದಕ್ಕೇ ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತಿದ್ದರೂ ಸ್ವಿಚ್ ಕೆಟ್ಟಿರಬಹುದು. ಪ್ಲಗ್ ಬಿಚ್ಚಿ, ಕರೆಂಟ್ ಹರಿಯುತ್ತದಾ ಅಂತ ತೋರಿಸುವ ಮಲ್ಟಿಮೀಟರ್ ಇಟ್ಟು, ಕಡ್ಡಿ ಒತ್ತಿ ಬಿಟ್ಟು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಕೆಲವು ಸ್ವಿಚ್ಚುಗಳನ್ನು ತಿರುಗಿಸಿ ನಟ್ ಬಿಗಿದು ಹೊಂದಿಸಬೇಕು. ಅದನ್ನು ಜಾಸ್ತಿ ಒಳಗೆ ತಳ್ಳಬೇಡಿ. ಪೆಡಲ್ ಪೂರ್ತಿ ಮೇಲೆ ಬರದೆ ಬ್ರೇಕ್ ಸ್ವಲ್ಪ ಹಿಡಿದೇ ಇದ್ದು ಚಕ್ರ ಬಿಸಿಯಾಗುತ್ತದೆ.

ಇಲ್ಲಿ ನಿಮಗೆ ಒಂದು ಮಾತು ಒತ್ತಿ ಹೇಳಬೇಕು. ಕ್ರೂಸ್ ಇಲ್ಲದೆ ಬೆಂಗಳೂರಿಗೆ ಹೋಗಬಹುದು. ಬ್ರೇಕ್ ಲೈಟ್ ಸರಿಯಿಲ್ಲದೆ ಹೋಗಬೇಡಿ. ಲೈಟ್ ಸದಾ ಹತ್ತಿದ್ದರೆ ನೀವು ನಿಜವಾಗಿ ಬ್ರೇಕ್ ಹಾಕಿದಾಗ ಹಿಂದಿನವನಿಗೆ ಗೊತ್ತಾಗುವುದಿಲ್ಲ. ಹೆದ್ದಾರಿ 48ರಲ್ಲಿ ರಾತ್ರಿ ಹಿಂದೆ ಲೋಡ್ ಲಾರಿ ಇರುತ್ತದೆ. ನಾನು ಎರಡು ವಾರ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾಗೆ ಓಡಾಡಿದ್ದೇನೆ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಬ್ರೇಕ್ ಕಡೆ ಎಲ್ಲಾ ಸರಿಯಿದ್ದರೆ ಕ್ಲಚ್ ಪೆಡಲ್ ನೋಡಿ. ಅಲ್ಲೂ ಇಂಥದೇ ಸ್ವಿಚ್, ಎಷ್ಟೋ ಕಾರುಗಳಲ್ಲಿ ಇಂಥದೇ ಗುಂಡಿ. ಕ್ಲಚ್ ಒತ್ತಿದರೆ ಕ್ರೂಸ್ ಬಿಡಬೇಕು, ಇಲ್ಲದಿದ್ದರೆ ಎಂಜಿನ್ ಸುಮ್ಮನೆ ಅರಚುತ್ತದೆ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಇದ್ದರೂ ಕ್ರೂಸ್ ಹಿಡಿಯುವುದಿಲ್ಲ.

ಆಮೇಲೆ ಸ್ಟೇರಿಂಗ್. ಕ್ರೂಸ್ ದೀಪ ಬರುತ್ತಿದೆ ಅಂದರೆ ಆ ಬಟನ್ನಿನ ತಂತಿ ಸರಿಯಿದೆ ಅಂತಾಯಿತು. ಹಾಗಾಗಿ ಸ್ಟೇರಿಂಗ್ ಮೇಲೆ ನನಗೆ ಅನುಮಾನ ಕಡಿಮೆ. ಆದರೂ ಹಾರ್ನ್ ಒಮ್ಮೊಮ್ಮೆ ಕೈಕೊಡುತ್ತಿದೆಯಾ, ಏರ್‌ಬ್ಯಾಗ್ ದೀಪ ಉರಿಯುತ್ತಿದೆಯಾ ನೋಡಿ. ಹೌದಾದರೆ ಸ್ಟೇರಿಂಗ್ ಒಳಗೆ ಸುರುಳಿಯಾಗಿ ಸುತ್ತಿಕೊಂಡು ಬಟನ್, ಹಾರ್ನ್, ಏರ್‌ಬ್ಯಾಗಿಗೆ ಕರೆಂಟ್ ಒಯ್ಯುವ ಕ್ಲಾಕ್ ಸ್ಪ್ರಿಂಗ್ ಪಟ್ಟಿ ತುಂಡಾಗಿರಬಹುದು. ಅದಕ್ಕೆ ನೀವೇ ಕೈ ಹಾಕಬೇಡಿ. ಅಲ್ಲಿ ಏರ್‌ಬ್ಯಾಗ್ ಇದೆ, ತಪ್ಪಿದರೆ ಮುಖಕ್ಕೇ ಸಿಡಿಯುತ್ತದೆ. ಬ್ಯಾಟರಿ ತಂತಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸ ಶುರು ಮಾಡುವ ಮೆಕ್ಯಾನಿಕ್ ಸಿಕ್ಕರೆ ಅವರಿಗೇ ಕೊಡಿ.

ಹಿಂದಿನ ಮಾಲೀಕರು ಬ್ರೇಕ್ ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದಾರಾ? ಕೆಲವು ಹಳೇ ಕಾರುಗಳು ಸಾದಾ ಬಲ್ಬಿನ ತಂತಿಯ ಮೂಲಕವೇ ಕ್ರೂಸ್ ಸಂಕೇತ ನೋಡುತ್ತವೆ. ಮೊದಲಿನ ಬಲ್ಬ್ ಹಾಕಿ ನೋಡಿ. ಇನ್ನೊಂದು, ನಿಮ್ಮ ಕಾರಿನ ವೇರಿಯಂಟಿನಲ್ಲಿ ಕಂಪನಿಯೇ ಕ್ರೂಸ್ ಕೊಟ್ಟಿತ್ತಾ ಅಂತ ಖಚಿತ ಮಾಡಿಕೊಳ್ಳಿ. ಟಾಪ್ ಮಾಡೆಲ್ಲಿನ ಸ್ಟೇರಿಂಗ್ ಬಟನ್ ಹೊರಗಿನ ಅಂಗಡಿಯಲ್ಲಿ ಹಾಕಿಸಿಕೊಂಡವರು ಬೇಕಾದಷ್ಟಿದ್ದಾರೆ.

ಈಗ ಮಾಡ್ಯೂಲ್ ವಿಷಯ. ಹಳೇ ಕಾಲದ ಕಾರುಗಳಲ್ಲಿ ವ್ಯಾಕ್ಯೂಮ್ ಅಥವಾ ಮೋಟಾರಿನಿಂದ ಆಕ್ಸಿಲರೇಟರ್ ಕೇಬಲ್ ಎಳೆಯುವ ಬೇರೆ ಡಬ್ಬಿ ಇರುತ್ತಿತ್ತು. ನಿಮ್ಮ ಕಾಲದ ಡೀಸೆಲ್ ಕಾರುಗಳಲ್ಲಿ ಆಕ್ಸಿಲರೇಟರಿಗೆ ಕೇಬಲ್ಲೇ ಇಲ್ಲ, ಪೆಡಲಿನಿಂದ ಎಂಜಿನ್ ಕಂಪ್ಯೂಟರಿಗೆ ಬರೀ ತಂತಿ. ಅಂಥ ಕಾರುಗಳಲ್ಲಿ ಕ್ರೂಸ್ ಸಾಮಾನ್ಯವಾಗಿ ಆ ಕಂಪ್ಯೂಟರಿನ ಒಳಗೇ ಇರುವ ಪ್ರೋಗ್ರಾಂ. ಬೇರೆ ಮಾಡ್ಯೂಲ್ ಇರುವುದಿಲ್ಲ. ಆದ್ದರಿಂದ ಗ್ಯಾರೇಜಿನವರನ್ನು ಗೌರವದಿಂದಲೇ ಕೇಳಿ: ‘ಅಣ್ಣ, ಯಾವ ಪಾರ್ಟ್? ಎಲ್ಲಿದೆ? ಸ್ಕ್ಯಾನರಿನಲ್ಲಿ ಯಾವ ಕೋಡ್ ಬಂತು?’ ಸ್ಕ್ಯಾನರ್ ಅಂದರೆ ಕಾರಿನ ಕಂಪ್ಯೂಟರಿಗೆ ಜೋಡಿಸಿ ದೋಷದ ಕೋಡ್ ಓದುವ ಸಾಧನ. ಪಿ0571 ಅಥವಾ ಪಿ0504 ಬಂದಿದ್ದರೆ ಅದು ಬ್ರೇಕ್ ಸ್ವಿಚ್ಚಿನ ದೂರು. ಪಿ0500 ಬಂದಿದ್ದರೆ ವೇಗದ ಸೆನ್ಸರ್. ಆಗ ಸ್ಪೀಡೋಮೀಟರ್ ಮುಳ್ಳು ಕುಣಿಯುವುದು, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯುವುದು ಕೂಡ ಇರಬಹುದು. ಎಂಜಿನ್ ದೀಪ ಉರಿಯುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಎಷ್ಟೋ ಕಾರುಗಳು ಬೇರೆ ಯಾವುದೋ ದೋಷ ಕಂಡರೂ ಕ್ರೂಸ್ ನಿಲ್ಲಿಸಿಬಿಡುತ್ತವೆ. ಕೋಡ್ ತೋರಿಸದೆ ಪಾರ್ಟ್ ಹೆಸರು ಮಾತ್ರ ಹೇಳಿದರೆ ಬೇರೆ ಕಡೆ ತೋರಿಸಿ.

ಸರಿಯಾದ ಮೇಲೆ ಪರೀಕ್ಷೆಗೆ ಬೆಳಿಗ್ಗೆ ಹೊರಡಿ. ದುರ್ಗದಿಂದ ಭರಮಸಾಗರದ ಕಡೆ ನೇರ ರಸ್ತೆ ಸಿಗುತ್ತದೆ. ಸಾಮಾನ್ಯವಾಗಿ 40ರ ಕೆಳಗೆ ಕ್ರೂಸ್ ಹಿಡಿಯುವುದಿಲ್ಲ, ಅದಕ್ಕೆ ನಾಲ್ಕನೇ ಗೇರಿನಲ್ಲಿ 60ಕ್ಕೆ ಸೆಟ್ ಮಾಡಿ. ಹಿಡಿದ ಕೂಡಲೇ ಬ್ರೇಕನ್ನು ಬೆರಳಷ್ಟು ಮುಟ್ಟಿ, ಕ್ರೂಸ್ ತಕ್ಷಣ ಬಿಡಬೇಕು. ಮತ್ತೆ ಸೆಟ್ ಮಾಡಿ, ಈ ಸಲ ಕ್ಲಚ್ ಮುಟ್ಟಿ. ಎರಡಕ್ಕೂ ಬಿಟ್ಟರೆ ಮಾತ್ರ ನಂಬಿ. ಮಳೆಯಲ್ಲಿ ಬೇಡ, ಮೆಕ್ಕೆಜೋಳದ ಟ್ರ್ಯಾಕ್ಟರ್‌ಗಳು ಸರ್ವಿಸ್ ರಸ್ತೆಯಿಂದ ನುಗ್ಗುವ ಹೊತ್ತಿನಲ್ಲೂ ಬೇಡ. ದುರ್ಗದ ಸುತ್ತ ಗಾಳಿಯಂತ್ರದ ಗುಡ್ಡಗಳ ಹತ್ತಿರ ಏರು ಸಿಕ್ಕಿದಾಗ ವೇಗ ನಾಲ್ಕೈದು ಕಿಲೋಮೀಟರ್ ಇಳಿದು ಮತ್ತೆ ಏರಿದರೆ ಗಾಬರಿಯಾಗಬೇಡಿ, ಅದು ದೋಷ ಅಲ್ಲ.

ಗೋಡೆಯ ಮೇಲೆ ಏನು ಕಂಡಿತು ಅಂತ ನಾಳೆ ಬರೆಯಿರಿ. ಕೋಡ್ ಸಿಕ್ಕಿದ್ದರೆ ಅದನ್ನೂ ಹಾಕಿ, ಮುಂದಿನದು ನೋಡೋಣ.